ಮೊದಲ ಒಳ್ಳೆ ಹೆಡ್‌ಫೋನ್: ಆಂಪ್ ಬೇಕಾ, ಬೇಡ್ವಾ?

ಏಪ್ರಿಲ್ ಕೊನೆ

ಬಜೆಟ್ 15,000 ರೂಪಾಯಿ. ಅದರಲ್ಲಿ ಹೆಡ್‌ಫೋನ್‌ಗೆ ಎಷ್ಟು, ಆಂಪ್ಲಿಫೈಯರ್‌ಗೆ (ಹೆಡ್‌ಫೋನ್‌ಗೆ ಹೋಗೋ ಸದ್ದಿಗೆ ಬಲ ಕೊಡೋ ಡಬ್ಬಿ, ಚಿಕ್ಕದಾಗಿ ಆಂಪ್) ಎಷ್ಟು ಅನ್ನೋದು ಸದ್ಯದ ಪ್ರಶ್ನೆ. ವಿಡಿಯೊಗಳನ್ನು ನೋಡ್ತಾ ಹೋದರೆ ಆಂಪ್ ಇಲ್ಲದೆ ಒಳ್ಳೆ ಹೆಡ್‌ಫೋನ್ ಕೊಳ್ಳೋದೇ ದಂಡ ಅನ್ನಿಸುತ್ತದೆ. ಅವರಲ್ಲಿ ಅರ್ಧ ಜನ ಕೆಳಗೆ ಆಂಪ್ ಮಾರೋ ಲಿಂಕ್ ಹಾಕಿರುತ್ತಾರೆ, ಆ ಮಾತು ಬೇರೆ.

ನಾನು ಏನು ಕೇಳ್ತೀನಿ ಅನ್ನೋದನ್ನು ಮೊದಲು ಬರೆದಿಡುತ್ತೇನೆ, ಯಾಕಂದರೆ ಎಲ್ಲ ತೀರ್ಮಾನ ಅದರ ಮೇಲೇ ನಿಲ್ಲುತ್ತದೆ. ಧಾರವಾಡದ ಮನೆಯಲ್ಲಿ, ರಾತ್ರಿ ಊಟ ಆದ ಮೇಲೆ, ಹೆಚ್ಚಾಗಿ ಖಯಾಲ್, ಅಂದರೆ ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಜೊತೆಗೆ ಬಾಲೇಖಾನರ ಸಿತಾರ್. ಈ ಊರಲ್ಲಿ ಇದೇನೂ ವಿಶೇಷ ಅಲ್ಲ ಬಿಡಿ. ಕಾಕಾ ವರ್ಷಗಟ್ಟಲೆ ರೇಡಿಯೊದಿಂದ ತುಂಬಿಸಿಟ್ಟ ಕ್ಯಾಸೆಟ್‌ಗಳಿವೆ. ಅವನ್ನೆಲ್ಲ ಕಂಪ್ಯೂಟರ್‌ಗೆ ಇಳಿಸಿದ್ದೇನೆ. ಆಗಾಗ ಸಿನಿಮಾ ಹಾಡು, ಅಷ್ಟೇ.

ಈ ಕ್ಯಾಸೆಟ್‌ಗಳಲ್ಲಿ ಇರೋದು ಬಹುತೇಕ ಮೊನೊ. ಎರಡೂ ಕಿವಿಗೆ ಒಂದೇ ಸದ್ದು ಬರುತ್ತದೆ, ಹಾಡುವವರು ತಲೆಯ ನಟ್ಟನಡುವೆ ಕೂತ ಹಾಗೆ. ಸೌಂಡ್‌ಸ್ಟೇಜ್ (ಸದ್ದು ಸುತ್ತ ಹರಡಿಕೊಂಡ ಹಾಗೆ ಕೇಳೋದು) ಅಂತ ವಿಮರ್ಶೆಗಳಲ್ಲಿ ಉದ್ದುದ್ದ ಬರೀತಾರಲ್ಲ, ಅದರಿಂದ ನನಗಾಗೋ ಲಾಭ ಕಡಿಮೆ. ನನಗೆ ಬೇಕಾದ್ದು ದನಿ ದನಿಯ ಹಾಗೇ ಕೇಳೋದು, ತಂಬೂರಿಯ ಜವಾರಿ (ತಂತಿಯ ಝೇಂಕಾರ) ಬಿಡಿಸಿಕೊಂಡು ಬರೋದು, ಟೇಪಿನ ಹಿಸ್ (ಸುಯ್ ಅನ್ನೋ ಸದ್ದು) ಕಿವಿಗೆ ಚುಚ್ಚದೆ ಇರೋದು.

ಕಪ್ಪಿನ ಹಿಂಬದಿ ತೆರೆದಿರೋ ಓಪನ್ ಬ್ಯಾಕ್ ಹೆಡ್‌ಫೋನೇ ಅಂತ ಮಾತ್ರ ಆಗಲೇ ಗಟ್ಟಿ ಮಾಡಿಕೊಂಡಿದ್ದೇನೆ. ಒಳಗಿನ ಸದ್ದು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುತ್ತದೆ. ಆದರೆ ರಾತ್ರಿ ಹತ್ತರ ಮೇಲೆ ನಮ್ಮ ಓಣಿ ಮಲಗಿರುತ್ತದೆ. ಏಪ್ರಿಲ್ ಸೆಕೆಯಲ್ಲಿ ಕಿವಿ ಪೂರ್ತಿ ಮುಚ್ಚೋ ಹೆಡ್‌ಫೋನ್ ಒಂದು ಗಂಟೆ ಹಾಕಿಕೊಂಡು ನೋಡಿ, ನಿಮಗೇ ಗೊತ್ತಾಗುತ್ತದೆ.

ಮೇ

ಹುಬ್ಬಳ್ಳಿಯ ಗೆಳೆಯನೊಬ್ಬ ಮನೆಯಲ್ಲೇ ಸಣ್ಣ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದಾನೆ. ಭಜನಾ ಮಂಡಳಿಗಳು, ಭಾವಗೀತೆ ಹಾಡುವವರು ಬರ್ತಾರೆ. ಅವನ ಹತ್ತಿರ ಆಡಿಯೊ ಟೆಕ್ನಿಕಾ ಎಂ40ಎಕ್ಸ್ ಇದೆ, ಬೇಯರ್‌ಡೈನಾಮಿಕ್ ಡಿಟಿ 990 ಪ್ರೊ ಇದೆ. ಇಲ್ಲಿ ಇಂಥವನ್ನೆಲ್ಲ ಅಂಗಡಿಯಲ್ಲಿ ಹಾಕಿ ನೋಡಿ ಕೊಳ್ಳೋದು ಕಷ್ಟ. ಹಾಗಾಗಿ ಅವನ ಕೋಣೆಯೇ ನನ್ನ ಶೋರೂಮ್.

ಪರೀಕ್ಷೆಗೆ ಒಯ್ದದ್ದು ಗಂಗೂಬಾಯಿಯವರ ಧ್ವನಿಮುದ್ರಣಗಳನ್ನು. ಅವರ ಶುರುವಿನ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳ್ಳಗಿದೆ, ಎತ್ತರದಲ್ಲಿದೆ. ಗಂಟಲಿನ ಚಿಕಿತ್ಸೆ ಆದ ಮೇಲೆ ಆ ದನಿ ಇಳಿದು, ನಾವೆಲ್ಲ ಬಲ್ಲ ಆ ಗಡಸು ದನಿ ಆಯಿತು. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಹೆಡ್‌ಫೋನಿನ ಗುಣ ಬಯಲಾಗುತ್ತದೆ. ಹಳೇ ತಟ್ಟೆಯಲ್ಲಿ ಕೀರಲು ಜಾಸ್ತಿ ಮಾಡುತ್ತದಾ, ಆಮೇಲಿನದರಲ್ಲಿ ಎದೆಯ ತೂಕ ಉಳಿಸುತ್ತದಾ ಅಂತ.

ಡಿಟಿ 990 ಪ್ರೊ ತಲೆ ಮೇಲೆ ಬಹಳ ಹಿತ. ಆದರೆ ಅದರಲ್ಲಿ 8,000 ಹರ್ಟ್ಜ್ ಆಸುಪಾಸಿನ ಎತ್ತರದ ಸದ್ದು ಎದ್ದು ನಿಂತಿದೆ. ಹೊಸ ಧ್ವನಿಮುದ್ರಣಕ್ಕೆ ಅದು ಹೊಳಪು ಅನ್ನಿಸಬಹುದು, 78ರ ತಟ್ಟೆಗೆ ಬರೀ ಹಿಸ್ಸು. ಎಂ40ಎಕ್ಸ್ ಎರಡೂ ದನಿಗೆ ನ್ಯಾಯ ಮಾಡಿತು, ಆದರೆ ಅದು ಮುಚ್ಚಿದ ಜಾತಿ.

ಗೆಳೆಯನ ಪರಿಚಯದವರಿಂದ ಸೆನ್‌ಹೈಸರ್ ಎಚ್‌ಡಿ 560ಎಸ್ ಒಂದು ಸಂಜೆಗೆ ಸಿಕ್ಕಿತು. ಓಪನ್ ಬ್ಯಾಕ್, ತೂಕ 240 ಗ್ರಾಂ. ಇದೂ ತುಸು ಹೊಳಪಿನ ಕಡೆಗೇ ವಾಲುತ್ತದೆ, ಸುಳ್ಳು ಹೇಳೋದಿಲ್ಲ. ಆದರೆ ತಂಬೂರಿ ಇಷ್ಟು ಬಿಡಿಬಿಡಿಯಾಗಿ ನಾನು ಕೇಳಿರಲಿಲ್ಲ. ಮನಸ್ಸು ಅಲ್ಲೇ ನಿಂತಿತು.

"ಇದು 120 ಓಮ್ ಅಲ್ವಾ, ಆಂಪ್ ಬೇಕಾಗುತ್ತಾ?" ಅಂದೆ.

"ಲೇ, ಬರೇ ಓಮ್ ನೋಡಬ್ಯಾಡೋ, ಸೆನ್ಸಿಟಿವಿಟಿ ನೋಡು. ಕಾಗದಾ ಪೆನ್ನು ತಗೊಂಡ ಕೂಡು, ಲೆಕ್ಕ ಹಚ್ಚು," ಅಂದ.

ಜೂನ್, ಲೆಕ್ಕ

ಮಳೆ ಶುರುವಾಗಿದೆ, ಕೂತು ಲೆಕ್ಕ ಹಾಕಲು ಒಳ್ಳೆ ಹೊತ್ತು.

ಓಮ್ ಅಂದರೆ ಹೆಡ್‌ಫೋನ್ ಒಡ್ಡುವ ತಡೆ. ಸೆನ್ಸಿಟಿವಿಟಿ ಅಂದರೆ ಇಷ್ಟು ಕೊಟ್ಟರೆ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಅನ್ನೋದು. ತೊಡಕು ಏನೆಂದರೆ, ಕೆಲವು ಕಂಪನಿಗಳು ಇದನ್ನು 1 ಮಿಲಿವಾಟ್‌ಗೆ ಇಷ್ಟು ಅಂತ ಹೇಳುತ್ತವೆ, ಕೆಲವು 1 ವೋಲ್ಟ್‌ಗೆ ಇಷ್ಟು ಅಂತ. ಎರಡನ್ನೂ ಹಾಗೇ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಎಲ್ಲ ತಲೆಕೆಳಗಾಗುತ್ತದೆ. 560ಎಸ್‌ಗೆ ಹೇಳಿರೋದು 1 ವೋಲ್ಟ್‌ಗೆ 110 ಡೆಸಿಬೆಲ್. ಮಿಲಿವಾಟ್ ಲೆಕ್ಕಕ್ಕೆ ತಂದರೆ ಅದು ಸುಮಾರು 101. ಡಿಟಿ 990 ಪ್ರೊ 250 ಓಮ್‌ನದಕ್ಕೆ 1 ಮಿಲಿವಾಟ್‌ಗೆ 96. ವೋಲ್ಟ್‌ಗೆ ತಿರುಗಿಸಿದರೆ ಸುಮಾರು 102.

ಇನ್ನು ನನಗೆಷ್ಟು ಸದ್ದು ಬೇಕು? ಸಮಾಧಾನದಿಂದ ಕೇಳೋದಕ್ಕೆ ಸರಾಸರಿ 75 ಡೆಸಿಬೆಲ್ ಅಂತ ಇಟ್ಟುಕೊಂಡೆ. ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಕೆಲಸದ ಜಾಗಕ್ಕೆ ಹಾಕಿರೋ ಮಿತಿ 85 ಡೆಸಿಬೆಲ್, 8 ಗಂಟೆ. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧಕ್ಕೆ ಇಳಿಯಬೇಕು. 75 ಅಂದರೆ ಕಿವಿಗೆ ಏನೂ ಭಯವಿಲ್ಲ.

ಇಲ್ಲಿವರೆಗೆ ಎಲ್ಲರೂ ಹೇಳೋದೇ. ಆದರೆ 75 ಸರಾಸರಿ ಬರಬೇಕಾದರೆ ಹಾಡು ಎಷ್ಟು ಜೋರಾಗಿ ರೆಕಾರ್ಡ್ ಆಗಿದೆ ಅನ್ನೋದೂ ಬೇಕಲ್ಲ? ಇದನ್ನು ಹೇಳುವವರು ಕಡಿಮೆ. ಈಗಿನ ಸಿನಿಮಾ ಹಾಡಿನ ಸರಾಸರಿ ಮಟ್ಟ ಡಿಜಿಟಲ್ ಗರಿಷ್ಠಕ್ಕಿಂತ (ಫೈಲ್‌ನಲ್ಲಿ ಹಿಡಿಸೋ ಅತಿ ಜೋರಿನ ಮಟ್ಟ) ಹತ್ತು ಡೆಸಿಬೆಲ್ ಕೆಳಗೆ ಇದ್ದರೆ ದೊಡ್ಡದು, ಅಷ್ಟು ಒತ್ತಿ ತುಂಬಿರುತ್ತಾರೆ. ಕಾಕಾನ ಕ್ಯಾಸೆಟ್ಟಿನ ವಿಲಂಬಿತ್ ಖಯಾಲನ್ನು ಆಡಾಸಿಟಿ ಅನ್ನೋ ಸದ್ದು ತಿದ್ದೋ ತಂತ್ರಾಂಶದಲ್ಲಿ ತೆರೆದು ನೋಡಿದೆ. ಸರಾಸರಿ ಮೂವತ್ತು ಡೆಸಿಬೆಲ್ ಕೆಳಗೆ!

ಈಗ ಲೆಕ್ಕ ಹಾಕೋಣ. ಸಿನಿಮಾ ಹಾಡಿಗೆ ಗರಿಷ್ಠ 85 ಡೆಸಿಬೆಲ್ (75ಕ್ಕೆ ಆ 10 ಸೇರಿಸಿ) ಬಂದರೆ ಸಾಕು. 560ಎಸ್‌ಗೆ ಅದು 0.056 ವೋಲ್ಟ್. ಯಾವ ಫೋನೂ ಕೊಡುತ್ತದೆ. ಖಯಾಲ್‌ಗೆ ಗರಿಷ್ಠ 105 (75ಕ್ಕೆ 30 ಸೇರಿಸಿ) ಬೇಕು. ಅದಕ್ಕೆ 0.56 ವೋಲ್ಟ್, ಹತ್ತು ಪಟ್ಟು. ಶಕ್ತಿಯ ಲೆಕ್ಕದಲ್ಲಿ ನೂರು ಪಟ್ಟು. ಅದೇ ಹೆಡ್‌ಫೋನ್, ಅದೇ ಕಿವಿ, ಕೇಳೋ ಹಾಡು ಮಾತ್ರ ಬೇರೆ. ಆಂಪ್ ಬೇಕಾ ಅಂತ ಕೇಳಿದವರಿಗೆ ಒಬ್ಬ ಹೌದು ಅನ್ನೋದು, ಇನ್ನೊಬ್ಬ ಸುಮ್ನೆ ದುಡ್ಡು ದಂಡ ಅನ್ನೋದು ಇದಕ್ಕೇ ಇರಬೇಕು. ಇಬ್ಬರೂ ಕೇಳೋ ಸಂಗೀತ ಬೇರೆ ಬೇರೆ.

ನೂರು ಪಟ್ಟು ಅಂದರೂ ಒಟ್ಟು 2.6 ಮಿಲಿವಾಟ್ ಅಷ್ಟೇ. ಡಬ್ಬಿಯ ಮೇಲೆ 1,000 ಮಿಲಿವಾಟ್ ಅಂತ ಬರೆದಿರೋ ಆಂಪ್‌ಗಳನ್ನು ನೋಡಿ ನಗು ಬಂತು.

ಬೇರೆಯವುಗಳಿಗೂ ಇದೇ ಲೆಕ್ಕ ಹಾಕಿದೆ. ಡಿಟಿ 990 ಪ್ರೊಗೆ 105 ಮುಟ್ಟಲು 1.4 ವೋಲ್ಟ್ ಬೇಕು, ಸಾಮಾನ್ಯ 1 ವೋಲ್ಟ್ ಡಾಂಗಲ್‌ನಿಂದ (ಫೋನಿನ ಯುಎಸ್‌ಬಿ ಕಿಂಡಿಗೆ ಚುಚ್ಚಿ ಹೆಡ್‌ಫೋನ್ ಹಾಕೋ ಸಣ್ಣ ಜೋಡಣೆ) ಆಗೋದಿಲ್ಲ. ಹೈಫೈಮ್ಯಾನ್ ಎಚ್‌ಇ400ಎಸ್‌ಇ ಅನ್ನೋ, ತೆಳು ಹಾಳೆ ಅದುರಿಸಿ ಸದ್ದು ಮಾಡೋ ಪ್ಲೇನಾರ್ ಜಾತಿಯ ಹೆಡ್‌ಫೋನ್ ಕಥೆ ಇನ್ನೂ ಮಜಾ. ಓಮ್ ಬರೀ ಮೂವತ್ತರ ಆಸುಪಾಸು, ನೋಡಿದರೆ ಪಾಪದ್ದು ಅನ್ನಿಸುತ್ತದೆ. ಆದರೆ ಸೆನ್ಸಿಟಿವಿಟಿ 1 ಮಿಲಿವಾಟ್‌ಗೆ 91. ಅದೇ 105ಕ್ಕೆ ಅದು 25 ಮಿಲಿವಾಟ್ ಎಳೆಯುತ್ತದೆ, 560ಎಸ್‌ಗಿಂತ ಸುಮಾರು ಹತ್ತು ಪಟ್ಟು. ಜಾಸ್ತಿ ಓಮ್ ಇರೋದಕ್ಕೆ ವೋಲ್ಟೇಜ್ ಬೇಕು, ಕಡಿಮೆ ಓಮ್ ಇದ್ದು ಸೆನ್ಸಿಟಿವಿಟಿಯೂ ಕಡಿಮೆ ಇರೋದಕ್ಕೆ ಕರೆಂಟ್ ಬೇಕು. ಮೂರನೇ ಮಹಡಿಯ ಟ್ಯಾಂಕಿಗೆ ನೀರು ಏರಿಸೋ ಮೋಟರ್ ಬೇರೆ, ದಪ್ಪ ಪೈಪಿನಲ್ಲಿ ಹೊಲಕ್ಕೆ ನೀರು ಬಿಡೋ ಮೋಟರ್ ಬೇರೆ, ಹಾಗೆ.

ಇನ್ನೊಂದು ಅಂಕಿ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಡಾಂಗಲ್ ಅಥವಾ ಆಂಪ್ ಕಡೆಯ ಓಮ್. ಅದು ಹೆಡ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇರಲಿ ಅನ್ನೋದು ರೂಢಿ. 120ಕ್ಕೆ 15 ಓಮ್ ತನಕ ನಡೆಯುತ್ತದೆ. ಈಗಿನ ಡಾಂಗಲ್‌ಗಳಲ್ಲಿ ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆಯೇ ಇರುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ.

ತೀರ್ಮಾನ: ಪೂರ್ತಿ ಬಜೆಟ್ ಹೆಡ್‌ಫೋನ್‌ಗೆ. ಆಂಪ್‌ಗೆ ಸದ್ಯಕ್ಕೆ ಸೊನ್ನೆ.

ಆಗಸ್ಟ್

ಸೇಲ್‌ನಲ್ಲಿ 560ಎಸ್ ಬಜೆಟ್ ಒಳಗೆ ಸಿಕ್ಕಿತು. ಕೇಬಲ್ 3 ಮೀಟರ್ ಉದ್ದ, ತುದಿಯಲ್ಲಿ 6.3 ಮಿಲಿಮೀಟರ್‌ನ ದಪ್ಪ ಪಿನ್ನು. ಫೋನ್‌ಗೆ ಚುಚ್ಚಬೇಕಾದರೆ ಅಡಾಪ್ಟರ್, ಅದರ ಮುಂದೆ ಡಾಂಗಲ್. ಮಂಚದ ಮೇಲೆ ಕೂತು ಕೇಳಿದರೆ ಕೇಬಲ್ ಅಡುಗೆಮನೆವರೆಗೆ ಹೋಗುತ್ತದೆ.

ಸಿನಿಮಾ ಹಾಡಿಗೆ ಫೋನಿನ ವಾಲ್ಯೂಮ್ ಅರ್ಧಕ್ಕಿಂತ ಕೆಳಗೇ ಸಾಕು. ಮನ್ಸೂರರ ಕ್ಯಾಸೆಟ್ ಹಾಕಿದರೆ ವಾಲ್ಯೂಮ್ ಕೊನೆ ಮುಟ್ಟಿತು, ಇನ್ನೂ ಚೂರು ಬೇಕಿತ್ತು ಅನ್ನಿಸಿತು. ಕಾಗದದ ಲೆಕ್ಕದ ಪ್ರಕಾರ ಹೀಗಾಗಬಾರದು. ಡಾಂಗಲ್ 1 ವೋಲ್ಟ್‌ನದು, 110 ತನಕ ಹೋಗಬೇಕಿತ್ತು.

ಅಳೆದೇ ನೋಡೋಣ ಅಂತ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆ ಕಡೆ ಹೋದಾಗ ಒಂದು ಅಗ್ಗದ ಮಲ್ಟಿಮೀಟರ್ ತಂದೆ. ವಿಧಾನ ಸುಲಭ. ಪೂರ್ತಿ ಮಟ್ಟದ 50 ಹರ್ಟ್ಜ್ ನಾದದ ಫೈಲ್ ಒಂದನ್ನು ಆಡಾಸಿಟಿಯಲ್ಲಿ ಮಾಡಿಕೊಳ್ಳಿ. ಹೆಡ್‌ಫೋನ್ ತೆಗೆದಿಡಿ. ಖಾಲಿ ಪಿನ್ನು ಚುಚ್ಚಿ, ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ಪಿನ್ನಿನ ತುದಿಗೂ ಬುಡಕ್ಕೂ ಮುಟ್ಟಿಸಿ. 50 ಹರ್ಟ್ಜ್ ಯಾಕಂದರೆ ಅಗ್ಗದ ಮೀಟರ್‌ಗಳು ಮನೆಯ ಕರೆಂಟ್ ಅಳೆಯೋಕೆ ಅಂತ ಮಾಡಿದವು. 1,000 ಹರ್ಟ್ಜ್ ಕೊಟ್ಟರೆ ಏನೇನೋ ತೋರಿಸಬಹುದು.

ಲ್ಯಾಪ್‌ಟಾಪ್‌ಗೆ ಹಾಕಿದಾಗ ಡಾಂಗಲ್ 0.99 ವೋಲ್ಟ್ ಕೊಟ್ಟಿತು. ಅದೇ ಡಾಂಗಲ್ ನನ್ನ ಆಂಡ್ರಾಯ್ಡ್ ಫೋನಿನಲ್ಲಿ 0.46! ಕೆಲವು ಡಾಂಗಲ್, ಕೆಲವು ಫೋನಿನ ಜೋಡಿಯಲ್ಲಿ ಹೀಗಾಗುತ್ತದೆ. ಡಾಂಗಲ್ ಒಳಗಿನ ವಾಲ್ಯೂಮನ್ನು ಫೋನ್ ಪೂರ್ತಿ ಏರಿಸೋದೇ ಇಲ್ಲ. 0.46 ಅಂದರೆ 103 ಡೆಸಿಬೆಲ್. ಬೇಕಾದ್ದು 105. ಚೂರು ಕಡಿಮೆ ಅಂತ ಕಿವಿ ಹೇಳಿದ್ದು ಸರಿಯಾಗೇ ಇತ್ತು.

ಇಲ್ಲಿ ಆಂಪ್ ಕೊಳ್ಳೋ ಆಸೆ ಮತ್ತೆ ಬಂತು, ಮುಚ್ಚಿಡೋದೇನಿದೆ. ಕಾಕಾನ ಹತ್ತಿರ ಹೇಳಿದೆ. "ಅಲ್ಲೋ ತಮ್ಮಾ, ಕಿವಿಗೆ ಹಾಕ್ಕೊಳ್ಳಾಕ ಒಂದು, ಅದಕ್ಕ ಹಚ್ಚಾಕ ಒಂದು, ಅದರ ಮುಂದ ಮತ್ತೊಂದ ಡಬ್ಬಿ ಏನೋ?" ಅಂದರು.

ಅವರ ಮಾತಿಗಲ್ಲ, ಫೈಲ್ ಇನ್ನೊಮ್ಮೆ ನೋಡಿದ್ದಕ್ಕೆ ಆಂಪ್ ಕೈಬಿಟ್ಟೆ. ಆ ಖಯಾಲ್‌ನಲ್ಲಿ ಅತಿ ಜೋರಿನ ಜಾಗವೂ ಗರಿಷ್ಠಕ್ಕಿಂತ 11 ಡೆಸಿಬೆಲ್ ಕೆಳಗಿತ್ತು. ಕ್ಯಾಸೆಟ್‌ನಿಂದ ಇಳಿಸುವಾಗ ಸದ್ದು ಒಡೆಯದಿರಲಿ ಅಂತ ತಗ್ಗಿಸಿ ಇಟ್ಟದ್ದು. ಅಂದರೆ ಮೇಲೆ 11 ಡೆಸಿಬೆಲ್ ಖಾಲಿ ಜಾಗ. 10 ಡೆಸಿಬೆಲ್ ಏರಿಸಿ ಉಳಿಸಿದೆ. ಸರಾಸರಿ ಮೂವತ್ತರಿಂದ ಇಪ್ಪತ್ತು ಕೆಳಗಿನ ಮಟ್ಟಕ್ಕೆ ಬಂತು, ಬೇಕಾದ ವೋಲ್ಟೇಜ್ 0.56ರಿಂದ 0.18ಕ್ಕೆ ಇಳಿಯಿತು. ಫೋನಿನ 0.46 ಈಗ ಧಾರಾಳ. ಹಿಸ್ಸೂ ಜೊತೆಗೆ ಏರುತ್ತದೆ, ನಿಜ. ಆದರೆ ಆಂಪ್ ಹಾಕಿದ್ದರೂ ಅದು ಅಷ್ಟೇ ಏರುತ್ತಿತ್ತು.

ಕೈಯಲ್ಲಿ ಫೈಲ್ ಇಲ್ಲದಿದ್ದರೆ ಈ ಉಪಾಯ ನಡೆಯೋದಿಲ್ಲ. ಯೂಟ್ಯೂಬ್ ಜೋರಾದ ಹಾಡುಗಳನ್ನು ತಾನೇ ತಗ್ಗಿಸುತ್ತದೆ, ಮೆಲ್ಲಗಿರೋದನ್ನು ಸಾಮಾನ್ಯವಾಗಿ ಏರಿಸೋದಿಲ್ಲ. ಹಳೇ ಕಛೇರಿಗಳನ್ನು ಅಲ್ಲೇ ಕೇಳುವವರು 2 ವೋಲ್ಟ್ ಕೊಡುವ ಡಾಂಗಲ್ ನೋಡಬಹುದು. ಮೇಜಿನ ಮೇಲಿಡೋ ದೊಡ್ಡ ಆಂಪ್ ಇಂಥ ಹೆಡ್‌ಫೋನ್‌ಗೆ ನನ್ನ ಮಟ್ಟಿಗೆ ಬೇಡ.

ಸೆಪ್ಟೆಂಬರ್

ಗೆಳೆಯ ಒಂದು ಡೆಸ್ಕ್‌ಟಾಪ್ ಆಂಪ್ ಹೊತ್ತು ಧಾರವಾಡಕ್ಕೆ ಬಂದಿದ್ದ. ಜೋರಾಗಿರೋದೇ ಚೆನ್ನ ಅಂತ ಕಿವಿ ಮೋಸ ಹೋಗುತ್ತದೆ, ಅರ್ಧ ಡೆಸಿಬೆಲ್ ವ್ಯತ್ಯಾಸವೂ ಸಾಕು. ಅದಕ್ಕೆ ಎರಡನ್ನೂ ಮೀಟರ್‌ನಲ್ಲಿ ಒಂದೇ ವೋಲ್ಟೇಜ್‌ಗೆ ತಂದೆವು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ, ಅವನು ಪಿನ್ನು ಬದಲಿಸ್ತಾ ಹೋದ. ಯಾವುದು ಯಾವುದು ಅಂತ ಹೇಳೋಕಾಗಲಿಲ್ಲ. ಅವನ ಸರದಿಯಲ್ಲಿ ಅವನಿಗೂ ಆಗಲಿಲ್ಲ, ಆದರೆ ಒಪ್ಪಿಕೊಳ್ಳೋಕೆ ಚಹಾ ಮುಗಿಯೋವರೆಗೆ ಹೊತ್ತು ತಗೊಂಡ.

ಒಂದು ಮಾತು ಆಂಪ್ ಪರವಾಗಿ ಹೇಳಲೇಬೇಕು. ಆ ವಾಲ್ಯೂಮ್ ಗುಂಡಿ ತಿರುಗಿಸೋ ಸುಖ ಇದೆಯಲ್ಲ, ಫೋನಿನ ಬಟನ್‌ನಲ್ಲಿ ಅದಿಲ್ಲ. ಅದಕ್ಕೇ ಅಂತ ಕೊಂಡರೂ ನಾನು ತಪ್ಪು ಅನ್ನೋದಿಲ್ಲ.

ಕಾಕಾನಿಗೆ ಅವರದೇ ಕ್ಯಾಸೆಟ್ ಕೇಳಿಸಿದೆ. ಕಣ್ಣು ಮುಚ್ಚಿ ಕೂತರು. "ತಂಬೂರಿ ನಾಕೂ ತಂತಿ ಬ್ಯಾರೆ ಬ್ಯಾರೆ ಕೇಳಾಕತ್ತಾವಲ್ಲೋ!" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ನಾ ರೆಕಾರ್ಡ್ ಮಾಡೂವಾಗ ನಿಮ್ಮ ಕಾಕು ಹಂಚಿನ ಮ್ಯಾಲ ಏನೋ ಹಾಕ್ಯಾಳ ನೋಡು, ಅದೂ ಕೇಳ್ತೈತಿ." ರೇಡಿಯೊ ಮುಂದೆ ಮೈಕ್ ಇಟ್ಟು ತುಂಬಿಸಿದ ಟೇಪ್ ಅದು. ನನಗೆ ಇಷ್ಟು ದಿನ ಅದು ಟೇಪಿನ ದೋಷ ಅಂತಲೇ ಇತ್ತು. ಆ ಜಾಗ ಅಳಿಸಬೇಡ ಅಂತ ಅವರ ಅಪ್ಪಣೆ ಆಗಿದೆ.

ಮುಂದೆ ಆಗಬೇಕಾದ್ದು: ಉಳಿದ ಫೈಲ್‌ಗಳ ಮಟ್ಟವನ್ನೂ ಒಂದೊಂದಾಗಿ ನೋಡಿ ಏರಿಸೋದು. ಕಪ್ ಕಡೆಯ 2.5 ಮಿಲಿಮೀಟರ್ ಲಾಕ್ ಪಿನ್ನಿಗೆ ಹೊಂದೋ ಒಂದೂವರೆ ಮೀಟರ್ ಕೇಬಲ್ ಹುಡುಕೋದು. ಆಮೇಲೆ ಹುಬ್ಬಳ್ಳಿಗೆ ಹೋಗೋ ಚಿಗರಿ ಬಸ್ಸಿಗೆ ಅಂತ ಕಿವಿಯೊಳಗೆ ಹಾಕೋ ಇಯರ್‌ಫೋನ್ ನೋಡೋದು, ಓಪನ್ ಬ್ಯಾಕ್ ಅಲ್ಲಿ ಕೆಲಸಕ್ಕೆ ಬರೋದಿಲ್ಲ. ಅದಕ್ಕೆ ಬಜೆಟ್ 2,000, ಆಂಪ್ ಪ್ರಶ್ನೆಯೇ ಇಲ್ಲ.