ಲೆಕ್ಕ ಬರೆದವಳ ಪಾಲು

ಅಮೆರಿಕದ ಅಯೋವಾ ರಾಜ್ಯದಲ್ಲಿ ಸೆಪ್ಟೆಂಬರ್ ಕೊನೆಗೆ ಶುರುವಾಗುವ ಮೆಕ್ಕೆಜೋಳ ಮತ್ತು ಸೋಯಾ ಅವರೆಯ ಕಟಾವು ನವೆಂಬರಿನವರೆಗೂ ನಡೆಯುತ್ತದೆ. ಆ ವಾರಗಳಲ್ಲಿ ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಬೀಳುವುದು ಹೆಚ್ಚಾಗಿ ಕಂಬೈನ್ ಯಂತ್ರದಲ್ಲಿ ಕೂತ ಗಂಡಸು. ಕಾಳು ತುಂಬಿದ ಲಾರಿಯನ್ನು ಧಾನ್ಯದ ಗೋದಾಮಿಗೆ ಓಡಿಸುವವಳು, ಯಂತ್ರದ ಬೆಲ್ಟು ಹರಿದಾಗ ದೂರದ ಪಟ್ಟಣಕ್ಕೆ ಹೋಗಿ ಬಿಡಿಭಾಗ ತರುವವಳು, ಸಂಜೆ ಬಿಸಿ ಅಡುಗೆಯನ್ನು ಪಿಕಪ್ ಗಾಡಿಯಲ್ಲಿಟ್ಟುಕೊಂಡು ಹೊಲದ ಅಂಚಿಗೆ ಬಂದು ಎಲ್ಲರಿಗೂ ಬಡಿಸುವವಳು ಆತನ ಹೆಂಡತಿಯಾಗಿರುತ್ತಾಳೆ. ಅವಳು ಹೊಲಕ್ಕೆ ಬರುವುದು ಕೂಡ ಪಟ್ಟಣದಲ್ಲಿ ಒಂದು ಪಾಳಿಯ ನೌಕರಿ ಮುಗಿಸಿಕೊಂಡೇ ಎಂಬುದು ನನಗೆ ಇಲ್ಲಿ ನೆಲೆಸಿದ ಮೇಲೆ ತಿಳಿಯಿತು.

ನನಗೆ ಪರಿಚಯವಿರುವ ಒಬ್ಬ ರೈತ ಮಹಿಳೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. ಸಂಬಳಕ್ಕಿಂತ ಹೆಚ್ಚಾಗಿ ಆ ನೌಕರಿಯ ಜೊತೆಗೆ ಬರುತ್ತಿದ್ದ ಆರೋಗ್ಯ ವಿಮೆ ಅವರ ಮನೆಗೆ ಬೇಕಾಗಿತ್ತು, ಏಕೆಂದರೆ ಸ್ವಂತ ದುಡಿಮೆಯ ರೈತ ಅದನ್ನು ಹೊರಗೆ ಕೊಳ್ಳಹೋದರೆ ಬೆಳೆಯ ಲಾಭವನ್ನೇ ಅದು ನುಂಗಿಬಿಡುತ್ತದೆ. 1980ರ ದಶಕದಲ್ಲಿ ಬಡ್ಡಿ ದರ ಏರಿ, ಅಯೋವಾದ ಜಮೀನಿನ ಬೆಲೆ ಕೆಲವೇ ವರ್ಷಗಳಲ್ಲಿ ಅರ್ಧಕ್ಕಿಂತಲೂ ಕೆಳಗೆ ಕುಸಿದು, ಮನೆಮನೆಗೂ ಹರಾಜಿನ ಭಯ ಹುಟ್ಟಿದಾಗ ಎಷ್ಟೋ ಹೆಂಗಸರು ಶಾಲೆ, ಬ್ಯಾಂಕು, ಆಸ್ಪತ್ರೆಗಳಲ್ಲಿ ಕೆಲಸ ಹಿಡಿದರು. ಇಂದಿಗೂ ಅಮೆರಿಕದ ಸರಾಸರಿ ಕೃಷಿ ಕುಟುಂಬದ ಆದಾಯದಲ್ಲಿ ದೊಡ್ಡ ಪಾಲು ಬರುವುದು ಹೊಲದ ಹೊರಗಿನಿಂದಲೇ.

ಇದು ಹೊಸದೇನಲ್ಲ. ಅವರ ಅಜ್ಜಿಯರ ಕಾಲದಲ್ಲಿ ಕೋಳಿಮೊಟ್ಟೆ ಮತ್ತು ಹಾಲಿನ ಕೆನೆ ಮಾರಿ ಬಂದ ಹಣದಲ್ಲಿ ದಿನಸಿ, ಮಕ್ಕಳ ಬಟ್ಟೆ, ಶಾಲೆಯ ಖರ್ಚು ನಡೆಯುತ್ತಿತ್ತು. ಬೆಳೆಯ ಹಣ ಸಾಲಕ್ಕೆ ಮತ್ತು ಯಂತ್ರಕ್ಕೆ ಹೋಗುತ್ತಿತ್ತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಅನೇಕ ಸಂಸಾರಗಳು ಉಳಿದದ್ದು ಆ ಮೊಟ್ಟೆಯ ದುಡ್ಡಿನಿಂದ. ಆಗ ಹಳ್ಳಿಗಾಡಿನ ಹತ್ತು ಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ತಿತ್ತು. ಗ್ರಾಮೀಣ ವಿದ್ಯುದೀಕರಣ ಕಾಯಿದೆ ಬಂದದ್ದು 1936ರಲ್ಲಿ. ಅದಾದ ಮೇಲೂ ತಂತಿ ತಲುಪುವವರೆಗೆ ನೀರು ಸೇದಿ ಹೊರುವುದು, ಸೌದೆ ಒಲೆಯ ಮೇಲೆ ಇಸ್ತ್ರಿಪೆಟ್ಟಿಗೆ ಕಾಯಿಸುವುದು, ಬೇಸಿಗೆಯ ಸೆಕೆಯಲ್ಲಿ ಅದೇ ಒಲೆಯ ಮುಂದೆ ನಿಂತು ಚಳಿಗಾಲಕ್ಕೆಂದು ಟೊಮೆಟೊ, ಹುರುಳಿಕಾಯಿ, ಪೀಚ್ ಹಣ್ಣುಗಳನ್ನು ಗಾಜಿನ ಜಾಡಿಗಳಲ್ಲಿ ತುಂಬಿ ಬೇಯಿಸಿ ಮುಚ್ಚುವುದು, ಎಲ್ಲವೂ ಹೆಂಗಸಿನ ಮೈಮೇಲೆಯೇ ಇತ್ತು.

ತಾಯ್ತನವೂ ಈ ದುಡಿಮೆಯ ಜೊತೆಗೇ ಸಾಗುತ್ತದೆ. ಶಿಶುವಿಹಾರಗಳು ದೂರವಿರುವ ಈ ಸೀಮೆಯಲ್ಲಿ ಚಿಕ್ಕ ಮಕ್ಕಳು ಟ್ರ್ಯಾಕ್ಟರಿನ ಕ್ಯಾಬಿನಲ್ಲಿ ಅಪ್ಪ ಅಮ್ಮನ ಪಕ್ಕದ ಸೀಟಿನಲ್ಲಿ ನಿದ್ದೆ ಮಾಡಿ ಬೆಳೆಯುತ್ತಾರೆ. ಧಾನ್ಯದ ಕಣಜಕ್ಕೆ ಇಳಿದ ಮಗು ಹರಿಯುವ ಕಾಳಿನಲ್ಲಿ ಕ್ಷಣಗಳಲ್ಲಿ ಹೂತುಹೋಗಬಲ್ಲದು, ತಿರುಗುವ ಯಂತ್ರದ ದಂಡಕ್ಕೆ ಅಂಗಿಯ ತುದಿ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ಹಾಗಾಗಿ ತಾಯಿಯ ಒಂದು ಕಣ್ಣು ಸದಾ ಅಂಗಳದ ಮೇಲಿರುತ್ತದೆ. ಮಕ್ಕಳು ಸ್ವಲ್ಪ ದೊಡ್ಡವರಾದರೆ ‘ಫೋರ್ ಎಚ್’ ಎಂಬ ಮಕ್ಕಳ ಸಂಘದ ಮೂಲಕ ಒಂದು ಕರುವನ್ನೋ ಹಂದಿಮರಿಯನ್ನೋ ಸ್ವತಃ ಸಾಕಿ, ತೂಕ ಮತ್ತು ಮೇವಿನ ಖರ್ಚನ್ನು ಪುಸ್ತಕದಲ್ಲಿ ಬರೆದಿಟ್ಟು, ಬೇಸಿಗೆಯಲ್ಲಿ ಕೌಂಟಿಯ, ಎಂದರೆ ಜಿಲ್ಲೆಯ, ಜಾತ್ರೆಗೆ ಹೊಡೆದುಕೊಂಡು ಹೋಗುತ್ತಾರೆ. ಅಲ್ಲಿ ಹರಾಜಾದ ಪ್ರಾಣಿಯನ್ನು ಬಿಟ್ಟುಬರಲಾರದೆ ಅಳುವ ಮಕ್ಕಳನ್ನು ನಾನೇ ಕಂಡಿದ್ದೇನೆ. ತಾಯಂದಿರು ಸುಳ್ಳು ಸಮಾಧಾನ ಹೇಳುವುದಿಲ್ಲ. ಆ ಪ್ರಾಣಿ ಎಲ್ಲಿಗೆ ಹೋಗುತ್ತದೆಂದು ಮೊದಲೇ ತಿಳಿಸಿರುತ್ತಾರೆ, ಅತ್ತು ಮುಗಿಯುವ ತನಕ ಜೊತೆಗಿರುತ್ತಾರೆ. ಮಕ್ಕಳನ್ನು ಬೆಳೆಸುವುದರಲ್ಲಿ ಇಷ್ಟು ನೇರವಂತಿಕೆಯನ್ನು ನಾನು ಬೇರೆಡೆ ಅಷ್ಟಾಗಿ ನೋಡಿಲ್ಲ.

ಊಟದ ಮೇಜಿನ ಮೇಲೆ ಲೆಕ್ಕ ಬರೆಯುವುದೂ ಅನೇಕ ಮನೆಗಳಲ್ಲಿ ಹೆಂಡತಿಯೇ. ಬೀಜ, ಗೊಬ್ಬರ, ಡೀಸೆಲ್, ಬೆಳೆ ವಿಮೆ, ಬ್ಯಾಂಕಿನ ವಾರ್ಷಿಕ ಸಾಲ, ಇವೆಲ್ಲದರ ಕಾಗದ ಅವಳ ಕೈಯಲ್ಲಿರುತ್ತದೆ. ಮಾರ್ಚ್ 1ರೊಳಗೆ ತೆರಿಗೆ ವಿವರ ಸಲ್ಲಿಸಿ ಬಾಕಿ ಕಟ್ಟಿದರೆ ರೈತರಿಗೆ ಮುಂಗಡ ತೆರಿಗೆಯ ಗೋಜಿಲ್ಲವಾದ್ದರಿಂದ, ದನಗಳು ಕರು ಹಾಕುವ ಕಾಲವೂ ಲೆಕ್ಕ ಮುಗಿಸುವ ಕಾಲವೂ ಒಟ್ಟಿಗೇ ಬರುತ್ತವೆ.

ಹೀಗೆ ಲೆಕ್ಕ ಬರೆದವಳ ಪಾಲನ್ನು ದೇಶದ ಕಾನೂನು ಎಷ್ಟೆಂದು ಎಣಿಸಿತ್ತು ಎಂಬುದನ್ನು ತಿಳಿದಾಗ ನನಗೆ ಸಿಟ್ಟು ಬಂದಿತ್ತು. 1970ರ ದಶಕದವರೆಗೂ ದಂಪತಿಗಳ ಜಂಟಿ ಹೆಸರಿನ ಜಮೀನು, ಅವರಲ್ಲಿ ಒಬ್ಬರು ತೀರಿಕೊಂಡಾಗ, ಪೂರ್ತಿ ತೀರಿಕೊಂಡವರದೇ ಎಂದು ಊಹಿಸಿ ಸರ್ಕಾರ ಅದರ ಮೇಲೆ ಮರಣಾನಂತರದ ಆಸ್ತಿ ತೆರಿಗೆಯನ್ನು ಲೆಕ್ಕ ಹಾಕುತ್ತಿತ್ತು. ಉಳಿದವರು ತಾವೂ ಹಣ ಹಾಕಿದ್ದನ್ನು ರುಜುವಾತು ಮಾಡಬೇಕಿತ್ತು. ಗಂಡನಿಗೆ ಅದು ಸುಲಭ; ರಸೀದಿ ಅವನ ಹೆಸರಿನಲ್ಲಿರುತ್ತಿತ್ತು. ಹಾಲು ಕರೆದ, ಲಾರಿ ಓಡಿಸಿದ, ಆಳುಗಳಿಗೆ ಅಡುಗೆ ಮಾಡಿದ ವಿಧವೆಯ ಬಳಿ ಯಾವ ರಸೀದಿ ಇರಬೇಕು? ಸಂಗಾತಿಗೆ ಹೋಗುವ ಆಸ್ತಿಗೆ, ಒಟ್ಟು ಆಸ್ತಿಯ ಅರ್ಧದವರೆಗೆ, 1948ರಿಂದ ವಿನಾಯಿತಿ ಇತ್ತಾದರೂ, ಈ ತೆರಿಗೆ ಬೀಳದ ಆಸ್ತಿಯ ಸಾಮಾನ್ಯ ಮಿತಿ 1942ರಿಂದ 60,000 ಡಾಲರಿನಲ್ಲೇ ನಿಂತಿತ್ತು. ಜಮೀನಿನ ಬೆಲೆ ಮಾತ್ರ ಏರುತ್ತಲೇ ಹೋಯಿತು. ತಾನು ಉತ್ತ ನೆಲವನ್ನೇ ಮಾರಿ ತೆರಿಗೆ ಕಟ್ಟಬೇಕಾದ ಗತಿ ಹೆಂಗಸರಿಗೆ ಬಂತು.

ಇದರ ವಿರುದ್ಧ ನಿಂತವರು ರೈತ ಮಹಿಳೆಯರೇ. ನೆಬ್ರಾಸ್ಕದ ಡೋರಿಸ್ ರಾಯಲ್ ದೇಶದಾದ್ಯಂತ ಸಹಿ ಸಂಗ್ರಹಿಸಿದರು. ಅದೇ ರಾಜ್ಯದ ಸಿಡ್ನಿ ಪಟ್ಟಣದಲ್ಲಿ 1976ರಲ್ಲಿ ‘ವಿಮೆನ್ ಇನ್ವಾಲ್ವ್ಡ್ ಇನ್ ಫಾರ್ಮ್ ಎಕನಾಮಿಕ್ಸ್’ ಎಂಬ ಸಂಘಟನೆ ಹುಟ್ಟಿತು. 1978ರ ಕಾನೂನು ಒಂದು ವಿಚಿತ್ರ ರಾಜಿಗೆ ಬಂತು: ಹೊಲದಲ್ಲಿ ದುಡಿದ ಪ್ರತಿ ವರ್ಷಕ್ಕೆ ಶೇ. 2ರಂತೆ, ಗರಿಷ್ಠ ಶೇ. 50ರವರೆಗೆ, ಸಂಗಾತಿಯ ಪಾಲನ್ನು ಲೆಕ್ಕ ಹಿಡಿಯಬಹುದು. ಎಂದರೆ ಅರ್ಧ ಅವಳದಾಗಲು ಇಪ್ಪತ್ತೈದು ವರ್ಷ ಬೇಕು. ಕೊನೆಗೆ 1981ರ ಕಾಯಿದೆ ಜಂಟಿ ಆಸ್ತಿಯಲ್ಲಿ ಅರ್ಧರ್ಧ ಪಾಲನ್ನು ಒಪ್ಪಿ, ಸಂಗಾತಿಗೆ ಹೋಗುವ ಆಸ್ತಿಯ ಮೇಲಿನ ತೆರಿಗೆಯನ್ನೇ ತೆಗೆಯಿತು. ನಮ್ಮೂರಿನ ಪಹಣಿಗಳಲ್ಲಿ ಕಾಣದ ಹೆಂಗಸರ ಹೆಸರು ನೆನಪಿರುವ ನನಗೆ, ಈ ಹೋರಾಟ ಪರದೇಶದ್ದೆಂದು ಅನ್ನಿಸಲೇ ಇಲ್ಲ.

ಕೃಷಿ ಗಣತಿಯ ಕಥೆಯೂ ಇಂಥದೇ. ಬಹಳ ಕಾಲ ಒಂದು ಹೊಲಕ್ಕೆ ಒಬ್ಬನೇ ಕೃಷಿಕನನ್ನು ಬರೆದುಕೊಳ್ಳಲಾಗುತ್ತಿತ್ತು. 2017ರ ಗಣತಿಯಲ್ಲಿ ನಾಲ್ವರ ವಿವರ ಕೊಡಲು ಅವಕಾಶವಾಯಿತು. ದಿನನಿತ್ಯದ ತೀರ್ಮಾನ, ಹಣಕಾಸಿನ ತೀರ್ಮಾನ ಯಾರದೆಂದೂ ಕೇಳಲಾಯಿತು. ಆಗ ದೇಶದ ಕೃಷಿಕರಲ್ಲಿ ಶೇ. 36ರಷ್ಟು ಮಂದಿ ಹೆಂಗಸರೆಂದು ದಾಖಲಾಯಿತು. ಹಿಂದಿನ ಗಣತಿಗಿಂತ ಆದ ಈ ಹೆಚ್ಚಳಕ್ಕೆ ಮುಖ್ಯ ಕಾರಣ ಕೇಳುವ ರೀತಿ ಬದಲಾದದ್ದು ಎಂದೇ ನಾನು ತಿಳಿಯುತ್ತೇನೆ, ಏಕೆಂದರೆ ಆ ಹೆಂಗಸರು ಮೊದಲೂ ಅಲ್ಲಿದ್ದರು.

ನನ್ನ ಪರಿಚಯದ ಆ ಮಹಿಳೆಯ ಪತಿ ಈಗಿಲ್ಲ. ಜಮೀನು ಅವರ ಹೆಸರಿನಲ್ಲಿದೆ. ಗೇಣಿಯ ಕರಾರನ್ನು ಅವರೇ ಓದಿ ಸಹಿ ಮಾಡುತ್ತಾರೆ. ರೂತ್ ಹ್ಯಾಂಬಲ್ಟನ್ ಎಂಬುವರು ರೈತ ಗೃಹಿಣಿಯಾಗಿದ್ದ ತಮ್ಮ ತಾಯಿಯ ನೆನಪಿನಲ್ಲಿ 2003ರಲ್ಲಿ ಇಲಿನಾಯ್‌ನಲ್ಲಿ ಆರಂಭಿಸಿದ ‘ಆನೀಸ್ ಪ್ರಾಜೆಕ್ಟ್’ ತರಗತಿಗಳು ಇಲ್ಲೂ ನಡೆಯುತ್ತವೆ. ಗೇಣಿ, ವಿಮೆ, ಸಾಲ, ಉಯಿಲಿನ ವಿಷಯಗಳನ್ನು ಅಲ್ಲಿ ಹೆಂಗಸರಿಗೆ ಹೇಳಿಕೊಡುತ್ತಾರೆ. ಮುಂದಿನ ಬಾರಿ ಸೊಸೆಯನ್ನೂ ಮಗಳನ್ನೂ ಜೊತೆಗೆ ಕರೆದೊಯ್ಯಬೇಕೆಂದು ಅವರು ಹೇಳುತ್ತಾರೆ. ಉಯಿಲಿನಲ್ಲಿ ಇಬ್ಬರ ಹೆಸರೂ ಇರಬೇಕೆಂಬುದು ಅವರ ತೀರ್ಮಾನ.