ಚೌಕಾಶಿ ಮಾಡದ ಗಿರಾಕಿ

ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾನು ಮನೆ ಕ್ಲೀನಿಂಗ್ ಕೆಲಸ ಶುರುಮಾಡಿ ಆಗ ಎರಡು ವರ್ಷವಾಗಿತ್ತು. ಆಫೀಸಿಲ್ಲ, ಬಾಸಿಲ್ಲ. ವ್ಯಾಕ್ಯೂಮ್, ಮಾಪು, ಬಕೆಟ್ಟು, ಒಂದು ಹಳೇ ಕಾರು. ಕೆಲಸ ಸಿಗಲಿ ಅಂತ ಇಂಟರ್ನೆಟ್ಟಿನಲ್ಲಿ ನನ್ನ ಇಮೇಲ್ ಹಾಕಿದ್ದೆ.

ಜನವರಿಯಲ್ಲಿ ಒಂದು ಮೇಲ್ ಬಂತು. ಮುಂದಿನ ತಿಂಗಳು ನಿಮ್ಮ ಊರಿಗೆ ಬರುತ್ತಿದ್ದೇನೆ, ವಾರಕ್ಕೊಮ್ಮೆ ಮನೆ ಕ್ಲೀನ್ ಮಾಡಬೇಕು, ನಾಲ್ಕು ವಾರದ ದುಡ್ಡು ಮುಂಚೆಯೇ ಕಳಿಸುತ್ತೇನೆ ಅಂತ. ತನಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಫೋನ್ ಬೇಡ ಅಂತಲೂ ಬರೆದಿದ್ದ. ಪಾಪ ಅನ್ನಿಸಿತು. ಚಳಿಗಾಲದಲ್ಲಿ ಕೆಲಸ ಕಮ್ಮಿ ಬೇರೆ. ವಾರಕ್ಕೆ 120 ಡಾಲರ್ ಅಂದೆ. ತಕ್ಷಣ ಒಪ್ಪಿಬಿಟ್ಟ.

ಅಲ್ಲೇ ನನಗೆ ಹೊಳೆಯಬೇಕಿತ್ತು. ಗಿರಾಕಿ ಅಂದಮೇಲೆ ಚೌಕಾಶಿ ಇರಬೇಕಲ್ವಾ? ನೂರಕ್ಕೆ ಮಾಡಿಕೊಡಿ ಅನ್ನುತ್ತಾರೆ. ನಾಯಿ ಇದೆ, ಕೂದಲು ಉದುರುತ್ತೆ ಅನ್ನುತ್ತಾರೆ. ಓವನ್ ಒಳಗೂ ಒರೆಸ್ತೀರಾ, ಸೋಪು ನಿಮ್ಮದಾ ನಮ್ಮದಾ, ಇನ್ಶೂರೆನ್ಸ್ ಇದೆಯಾ ಅಂತ ತಲೆ ತಿನ್ನುತ್ತಾರೆ. ಇವನು ಬಾತ್‌ರೂಮ್ ಎಷ್ಟು ಅಂತಲೂ ಹೇಳಲಿಲ್ಲ. ನಾನಾಗಿ ಕೇಳಿದರೂ ಬರೀ ಚೆಕ್ಕಿನ ಮಾತು. ಹೆಸರಿನ ಸ್ಪೆಲಿಂಗ್ ಏನು, ವಿಳಾಸ ಏನು, ಯಾವ ಬ್ಯಾಂಕು. ಹಾಸನದ ಸಂತೆಯಲ್ಲಿ ಸೊಪ್ಪಿನ ಕಟ್ಟಿಗೆ ಜಗ್ಗಾಡುವುದನ್ನು ನೋಡಿ ಬೆಳೆದವಳು ನಾನು. ಆದರೂ ತಿಳಿಯಲಿಲ್ಲ.

ಕೊರಿಯರ್‌ನಲ್ಲಿ ಕ್ಯಾಷಿಯರ್ಸ್ ಚೆಕ್, ಅಂದರೆ ಬ್ಯಾಂಕೇ ತನ್ನ ಹೆಸರಲ್ಲಿ ಬರೆದುಕೊಡುವ ಚೆಕ್, ಬಂತು. ನೋಡಿದರೆ 480 ಅಲ್ಲ, 2,850 ಡಾಲರ್! ಬೆನ್ನಲ್ಲೇ ಮೇಲ್. "ಜಾಸ್ತಿ ಇರೋದು ಸಾಮಾನು ಸಾಗಿಸುವವನಿಗೆ. ನಿಮ್ಮ 480 ಇಟ್ಟುಕೊಳ್ಳಿ. ನಿಮ್ಮ ಶ್ರಮಕ್ಕೆ ಇನ್ನೊಂದು 70 ತಗೊಳ್ಳಿ. ಮಿಕ್ಕ 2,300 ಅವನಿಗೆ ಇವತ್ತೇ ಝೆಲ್ ಮಾಡಿ." ಝೆಲ್ ಅಂದರೆ ಖಾತೆಯಿಂದ ಖಾತೆಗೆ ಕೂಡಲೇ ದುಡ್ಡು ಕಳಿಸುವ ವ್ಯವಸ್ಥೆ, ಊರಿನ ಯುಪಿಐ ಥರ.

ಸುಳ್ಳು ಯಾಕೆ ಹೇಳಲಿ, ಆ 70 ಡಾಲರಿಗೆ ಮನಸ್ಸು ಕುಣಿಯಿತು. ಬ್ಯಾಂಕಿಗೆ ಹೋದೆ. ಕೌಂಟರಿನ ಹುಡುಗಿ ಚೆಕ್ ತಿರುಗಿಸಿ ನೋಡಿ, "ಇವರನ್ನ ಯಾವತ್ತಾದರೂ ನೋಡಿದ್ದೀರಾ?" ಅಂತ ಕೇಳಿದಳು. ಇಲ್ಲ ಅಂದೆ. ಚೆಕ್ ಕೊಟ್ಟ ಬ್ಯಾಂಕಿಗೆ ಫೋನ್ ಮಾಡಿದಳು. ಚೆಕ್ ಮೇಲಿದ್ದ ನಂಬರಿಗಲ್ಲ, ತಾನೇ ಹುಡುಕಿದ ನಂಬರಿಗೆ. ಅಂಥ ಚೆಕ್ಕನ್ನೇ ಅವರು ಕೊಟ್ಟಿರಲಿಲ್ಲ.

ಆಮೇಲೆ ಅವಳು ಬಿಡಿಸಿ ಹೇಳಿದಳು. ಇಂಥ ಚೆಕ್ಕಿನ ದುಡ್ಡು ಮಾರನೇ ದಿನವೇ ಖಾತೆಯಲ್ಲಿ ಕಾಣಿಸಬಹುದು. ಕಾಣಿಸಿದ ಮಾತ್ರಕ್ಕೆ ಚೆಕ್ ಪಾಸಾಯಿತು ಅಂತಲ್ಲ. ನಕಲಿ ಅಂತ ಗೊತ್ತಾಗುವುದಕ್ಕೆ ವಾರಗಟ್ಟಲೆ ಹಿಡಿಯಬಹುದು. ಆಗ ಬ್ಯಾಂಕು ಪೂರ್ತಿ 2,850 ಡಾಲರನ್ನೂ ನನ್ನಿಂದಲೇ ವಸೂಲಿ ಮಾಡುತ್ತದೆ. ನಾನು ಕಳಿಸಿದ 2,300 ಅಷ್ಟರಲ್ಲಿ ಯಾರ ಜೇಬಿನಲ್ಲೋ.

ಮನೆಗೆ ಬಂದು, ಇಂಥ ಮೋಸದ ದೂರು ತಗೊಳ್ಳುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ದೂರು ಕೊಟ್ಟೆ. ಸಂಜೆಯೊಳಗೆ ಅವನಿಂದ ಮೂರು ಮೇಲ್ ಬಂದಿದ್ದವು. ಮೂರನೆಯದರಲ್ಲಿ ಪೊಲೀಸಿಗೆ ಹೇಳುತ್ತೇನೆ ಅಂತ ಬೆದರಿಕೆ. ಇಂಥವರಿಗೆ ಉತ್ತರ ಕೊಡಬಾರದು, ಗೊತ್ತು. ತಡೆಯಲಾಗಲಿಲ್ಲ. ಒಂದೇ ಸಾಲು ಬರೆದೆ: "ಬಾತ್‌ರೂಮ್ ಎಷ್ಟಿವೆ, ಅದನ್ನ ಮೊದಲು ಹೇಳಿ."

ಇನ್ನೂ ಹೇಳಿಲ್ಲ.