ಕುದುರೆ ಹಿಡಿಯ ರಾಣಿ

ನಾನಿರುವ ಸ್ಟೋಕ್-ಆನ್-ಟ್ರೆಂಟ್ ಇಂಗ್ಲೆಂಡಿನ ಕುಂಬಾರರ ನಾಡು. ಆರು ಪಟ್ಟಣ ಸೇರಿ ಆದ ಊರು. ಅದರಲ್ಲೊಂದು ಬರ್ಸ್ಲೆಮ್. ಅಲ್ಲಿನ ನೈಲ್ ಸ್ಟ್ರೀಟಿನಲ್ಲಿದ್ದ ರಾಯಲ್ ಡೌಲ್ಟನ್ ಕಾರ್ಖಾನೆ 2005ರಲ್ಲಿ ಮುಚ್ಚಿತು. ಅಲ್ಲಿ ಮಾಡಿದ ಮುಖದ ಜಗ್ಗುಗಳು (ಮನುಷ್ಯರ ಮುಖದಂತೆ ಮಾಡಿದ, ಹಿಡಿ ಇರುವ ಹೂಜಿಗಳು) ಮಾತ್ರ ಹಳೆ ಸಾಮಾನಿನ ಅಂಗಡಿಗಳಲ್ಲಿ ಈಗಲೂ ಸಾಲಾಗಿ ಕೂತಿರುತ್ತವೆ.

ಇಲ್ಲಿ 18ನೇ ಶತಮಾನದಿಂದಲೂ ಟೋಬಿ ಜಗ್ಗು ಮಾಡುತ್ತಿದ್ದರು. ಅದರಲ್ಲಿ ಟೋಪಿ ಹಾಕಿದ ಇಡೀ ಮನುಷ್ಯ ಕೂತಿರುತ್ತಾನೆ. ಬರೀ ತಲೆ, ಭುಜ ಇರುವ ಜಗ್ಗುಗಳ ಸಾಲನ್ನು ಡೌಲ್ಟನ್‌ನಲ್ಲಿ 1934ರಲ್ಲಿ ಶುರು ಮಾಡಿದವರು ಚಾರ್ಲ್ಸ್ ನೋಕ್. ನೀರಾದ ಜೇಡಿಯನ್ನು ಅಚ್ಚಿಗೆ ಸುರಿದು, ಸುಟ್ಟು, ಕೈಯಲ್ಲೇ ಬಣ್ಣ ಹಾಕುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಅಲ್ಲಿ ಬಣ್ಣ ಹಾಕುತ್ತಿದ್ದವರು. ಹುಬ್ಬು ಒಂದೆಳೆ ಆಚೀಚೆ ಆದರೂ ಆಳೇ ಬೇರೆ ಆಗುತ್ತಾನೆ ಅನ್ನುತ್ತಾರೆ.

ನನ್ನ ಕಣ್ಣು ಹೋಗುವುದು ಹಿಡಿಯ ಮೇಲೆ. ಆ ವ್ಯಕ್ತಿಯ ಕತೆ ಇರುವುದೇ ಅಲ್ಲಿ. ದೊರೆ ಎಂಟನೇ ಹೆನ್ರಿ ಮತ್ತು ಅವನ ಆರು ರಾಣಿಯರ ಸಾಲು 1975ರಲ್ಲಿ ಶುರುವಾಯಿತು. ಎರಡನೇ ರಾಣಿ ಆನ್ ಬೊಲಿನ್ ಜಗ್ಗಿನ ಹಿಡಿ ಕೊಡಲಿ. 1536ರಲ್ಲಿ ಅವಳ ತಲೆ ತೆಗೆಸಿದರಲ್ಲ, ಅದಕ್ಕೆ. ಅದೇ ಗತಿ ಕಂಡ ಐದನೇ ರಾಣಿ ಕ್ಯಾಥರೀನ್ ಹೊವರ್ಡ್‌ಗೂ ಕೊಡಲಿಯೇ.

ನಾಲ್ಕನೆಯವಳು ಆನ್ ಆಫ್ ಕ್ಲೀವ್ಸ್. ಅವಳಿಗೆ ಕೊಟ್ಟದ್ದು ಕುದುರೆ ತಲೆ. ಹೆನ್ರಿ ಅವಳನ್ನು ಹೆಣ್ಣುಕುದುರೆ ಅಂದನೆಂಬ ಮಾತಿದೆ. ಆದರೆ ಆ ಮಾತು ಕಾಣಿಸಿಕೊಂಡದ್ದು ಅವರಿಬ್ಬರೂ ಸತ್ತು ನೂರು ವರ್ಷದ ಮೇಲೆ. ನನಗೆ ಇದು ತುಂಬಾ ಅನ್ಯಾಯ ಅನ್ನಿಸುತ್ತದೆ. ಜರ್ಮನಿ ಕಡೆಯಿಂದ ಬಂದ ಹುಡುಗಿ, ಸರಿಯಾಗಿ ಇಂಗ್ಲಿಷೂ ಬಾರದು. 1540ರಲ್ಲಿ ಆದ ಮದುವೆ ಆರೇ ತಿಂಗಳಿಗೆ ರದ್ದಾಯಿತು. ಅವಳು ಜಗಳಕ್ಕೆ ಹೋಗಲಿಲ್ಲ, ಮನೆ ಆಸ್ತಿ ಪಡೆದು ಇಲ್ಲೇ ಉಳಿದಳು. ಹೆನ್ರಿ ಸತ್ತ ಮೇಲೂ ಹತ್ತು ವರ್ಷ ಬಾಳಿದಳು. ಎಷ್ಟು ಗಟ್ಟಿ ಹೆಣ್ಣು, ಅಲ್ವಾ?

ಅವಳ ಜಗ್ಗು ಬಂದದ್ದು 1980ರಲ್ಲಿ. ಮೊದಲು ಕುದುರೆಯ ಕಿವಿ ನೆಟ್ಟಗಿತ್ತು. ಪೆಟ್ಟಿಗೆಗೆ ತುಂಬುವಾಗ ಅದು ಮುರಿಯುತ್ತಿತ್ತು. ಆಮೇಲೆ ಕಿವಿ ಮಡಚಿದ ಅಚ್ಚು ಮಾಡಿದರು. ಹಾಗಾಗಿ ಸಂಗ್ರಹಿಸುವವರು ನೆಟ್ಟಗಿನ ಕಿವಿಯದನ್ನೇ ಜಾಸ್ತಿ ಹುಡುಕುತ್ತಾರೆ. ನನಗೆ ಸಿಕ್ಕಿದ್ದು ಅದೇ, ಒಂದು ಕಿವಿಯ ತುದಿ ಹೋಗಿ ಅಂಟು ಹಾಕಿದ್ದು. ಅದಕ್ಕೇ ಕಡಿಮೆಗೆ ಸಿಕ್ಕಿತು.

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. "ಯಾರೇ ಇವಳು, ಮುಖ ಎಷ್ಟು ಲಕ್ಷಣವಾಗಿದೆ!" ಅಂದರು. ಕುದುರೆ ಅವರ ಕಣ್ಣಿಗೆ ಬಿದ್ದಿರಲೇ ಇಲ್ಲ. ಕಿಟಕಿಯ ಹತ್ತಿರ ಇಟ್ಟಿದ್ದೇನೆ, ಹಿಡಿ ಗೋಡೆ ಕಡೆಗೆ ಮಾಡಿ.